ಪಿಎಚ್‌.ಡಿ. ಆದ ಮೇಲಿನ ಎರಡು ವರ್ಷ: ಕಂಪ್ಯೂಟರ್ ಮೇಷ್ಟರಾಗ ಹೊರಟವರಿಗೆ ಕಿವಿಮಾತು

ಈ ಬೇಸಿಗೆಯಲ್ಲಿ ಡೊಂಬಿವಲಿಯ ನಮ್ಮ ಮನೆಗೆ ಮೂವರು ಬಂದು ಹೋದರು. ಇಬ್ಬರು ನಮ್ಮವರ ಮಕ್ಕಳು, ಒಬ್ಬಳು ಅವರ ಜೊತೆ ಓದಿದ ಮರಾಠಿ ಹುಡುಗಿ. ಇಬ್ಬರಿಗೆ ಕಂಪ್ಯೂಟರ್ ಸೈನ್ಸಿನಲ್ಲಿ ಪಿಎಚ್‌.ಡಿ. ಆಗಿದೆ, ಇನ್ನೊಬ್ಬ ಪ್ರಬಂಧ ಸಲ್ಲಿಸಿ ವೈವಾಕ್ಕೆ ಕಾಯುತ್ತಿದ್ದಾನೆ. ಮೂವರದೂ ಒಂದೇ ಪ್ರಶ್ನೆ: ಕಾಯಂ ನೌಕರಿ ಸಿಗುವ ತನಕ ಏನು ಮಾಡುವುದು? ಪೋಸ್ಟ್‌ಡಾಕ್ ಹಿಡಿಯುವುದೋ, ಪಾಠ ಹೇಳುವುದೋ, ಐರೋಲಿಯ ಐಟಿ ಕಂಪನಿಗಳ ಗಾಜಿನ ಕಟ್ಟಡಗಳಿಗೆ ಹೋಗುವುದೋ?

ಹೊರದೇಶಗಳಲ್ಲಿ ಇದಕ್ಕೆಂದೇ ಟೀಚಿಂಗ್ ಪೋಸ್ಟ್‌ಡಾಕ್ ಎಂಬ ಹುದ್ದೆ ಇದೆ. ಒಂದೆರಡು ಕೋರ್ಸು ಪಾಠ ಮಾಡಬೇಕು, ಹಿರಿಯರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ತಿದ್ದುತ್ತಾರೆ, ಉಳಿದ ಹೊತ್ತು ಸಂಶೋಧನೆ. ನಮ್ಮ ಥಾಣೆ, ಕಲ್ಯಾಣ್, ನವಿಮುಂಬಯಿ ಕಡೆ ಆ ಹೆಸರಿನ ಹುದ್ದೆಯನ್ನು ನಾನು ಕಂಡಿಲ್ಲ. ಇಲ್ಲಿ ಅದನ್ನು ತುಂಡು ತುಂಡು ಜೋಡಿಸಿ ನಾವೇ ಹೊಲಿದುಕೊಳ್ಳಬೇಕು. ಹಾಗೆ ಹೊಲಿಯುತ್ತ ನಾಲ್ಕು ವರ್ಷ ಸೂಜಿ ಚುಚ್ಚಿಸಿಕೊಂಡವನು ನಾನು. ಚಹಾ ಕೊಟ್ಟು ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

• ಮೊದಲು ನೆಟ್ ಮುಗಿಸಿ. ಹೆಸರಿನ ಮುಂದೆ ಡಾಕ್ಟರ್ ಬಂತಲ್ಲ, ಇನ್ನೇಕೆ ಪರೀಕ್ಷೆ ಎನ್ನಬೇಡಿ. 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆ, ಪಿಎಚ್‌.ಡಿ. ಐಚ್ಛಿಕ ಎಂದು ಯುಜಿಸಿ ಮಾಡಿದೆ. ಜಾಹೀರಾತು ಜಾಹೀರಾತಿಗೂ ನಿಯಮದ ಅರ್ಥ ಕೇಳುತ್ತ ಅಲೆಯುವುದಕ್ಕಿಂತ ಪರೀಕ್ಷೆ ಬರೆಯುವುದು ಸುಲಭ. ಮಹಾರಾಷ್ಟ್ರದ ಸೆಟ್ ನಡೆಸುವುದು ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯ. ಅದು ಮಹಾರಾಷ್ಟ್ರ, ಗೋವಾಕ್ಕೆ ಮಾತ್ರ ನಡೆಯುತ್ತದೆ. ಮುಂದೊಂದು ದಿನ ಉಡುಪಿ, ಮಂಗಳೂರಿನ ಕಾಲೇಜಿಗೆ ಹೋಗುವ ಆಸೆ ಇದ್ದರೆ ಅಲ್ಲಿ ಕೆಸೆಟ್ ಬೇಕು. ನೆಟ್ ಆದರೆ ಘಟ್ಟದ ಆಚೆಗೂ ಈಚೆಗೂ ಒಂದೇ ಬೆಲೆ. ಕೊನೆಯ ಅವಕಾಶಕ್ಕೆ ಕಾಯಬೇಡಿ. 2024ರ ಜೂನ್ 18ರಂದು ನೆಟ್ ಬರೆದು ನಿಟ್ಟುಸಿರು ಬಿಟ್ಟವರಿಗೆ ಮರುದಿನವೇ ಪರೀಕ್ಷೆ ರದ್ದಾದ ಸುದ್ದಿ ಬಂತು.

• ಇಂಜಿನಿಯರಿಂಗ್ ಕಾಲೇಜಿನ ಲೆಕ್ಕ ಬೇರೆ. ಅಲ್ಲಿ ಎಐಸಿಟಿಇ ನಿಯಮ. ನೆಟ್ ಕೇಳುವುದಿಲ್ಲ, ಬಿ.ಇ. ಅಥವಾ ಎಂ.ಇ. ಯಾವುದಾದರೊಂದರಲ್ಲಿ ಪ್ರಥಮ ದರ್ಜೆ ಕೇಳುತ್ತಾರೆ. ಬಿ.ಎಸ್ಸಿ. ಮಾಡಿ ಎಂ.ಎಸ್ಸಿ. ಮಾಡಿ ಬಂದವರು ಆ ಬಾಗಿಲಲ್ಲಿ ವರ್ಷ ಕಳೆಯುವ ಮೊದಲು ಅರ್ಹತೆಯ ಸಾಲನ್ನು ಎರಡು ಸಲ ಓದಿ.

• ಪೋಸ್ಟ್‌ಡಾಕ್ ಬೇಕೆಂದರೆ ಪ್ರಕಟಣೆಗೆ ಕಾಯಬೇಡಿ, ಮಾರ್ಗದರ್ಶಕರನ್ನು ಹುಡುಕಿ. ಹಿಂದೆ ಎಸ್‌ಇಆರ್‌ಬಿ ಕೊಡುತ್ತಿದ್ದ ರಾಷ್ಟ್ರೀಯ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್ ಈಗ ಎಎನ್‌ಆರ್‌ಎಫ್ ಕೈಯಲ್ಲಿದೆ. ಎರಡು ವರ್ಷದ ಅವಧಿ, ವಯಸ್ಸು 35 ದಾಟಿರಬಾರದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಐದು ವರ್ಷ ವಿನಾಯಿತಿ. ಪ್ರಬಂಧ ಸಲ್ಲಿಸಿ ವೈವಾಕ್ಕೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು. ಯುಜಿಸಿ 2022ರ ಶಿಕ್ಷಕರ ದಿನದಂದು ಡಾ. ರಾಧಾಕೃಷ್ಣನ್ ಹೆಸರಿನಲ್ಲಿ 900 ಪೋಸ್ಟ್‌ಡಾಕ್ ಸ್ಥಾನಗಳನ್ನು ಘೋಷಿಸಿತು, ತಿಂಗಳಿಗೆ 50,000 ರೂಪಾಯಿ. ಪ್ರಕಟಣೆ ಯಾರ ಹೆಸರಿನಲ್ಲಿ ಬಂದರೂ ಅರ್ಜಿಯ ಕಿಟಕಿ ತೆರೆದಿರುವುದು ಕೆಲವೇ ವಾರ. ಆ ವಾರಗಳಲ್ಲಿ ಹೊಸಬರ ಇಮೇಲ್ ಓದುವ ಪುರುಸೊತ್ತು ಯಾವ ಪ್ರಾಧ್ಯಾಪಕರಿಗೂ ಇರುವುದಿಲ್ಲ. ಆರು ತಿಂಗಳು ಮೊದಲೇ ಹೋಗಿ ಮುಖ ತೋರಿಸಿ ಬನ್ನಿ. ಥಾಣೆಯವರಿಗೆ ಪವಾಯಿಯ ಐಐಟಿ ಏನು ದೂರ?

• ಪಿಎಚ್‌.ಡಿ. ಮಾಡಿಸಿದ ಗುರುಗಳ ಬಳಿಯೇ ಪೋಸ್ಟ್‌ಡಾಕ್‌ಗೆ ಕೂರಬೇಡಿ. ಗೌರವ ಇರಲಿ, ದೀಪಾವಳಿಗೆ ಸಿಹಿ ಕಳಿಸಿ.

• ತಾಸಿಗಿಷ್ಟು ಎಂಬ ಪಾಠಕ್ಕೆ ಹೋಗುವ ಮುನ್ನ ಈ ಭಾಗ ಓದಿ. ನಮ್ಮಲ್ಲಿ ಅದನ್ನು ಸಿಎಚ್‌ಬಿ ಎನ್ನುತ್ತಾರೆ, ಮರಾಠಿಯವರು ತಾಸಿಕಾ ಎನ್ನುತ್ತಾರೆ, ಊರಿನ ಕಡೆ ಅತಿಥಿ ಉಪನ್ಯಾಸಕ ಎಂಬ ಚಂದದ ಹೆಸರಿದೆ. ಅತಿಥಿಗೆ ಉಪನ್ಯಾಸವೊಂದಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ಯುಜಿಸಿ 2019ರ ಜನವರಿಯಲ್ಲಿ ಬರೆದಿಟ್ಟಿದೆ. ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ 57,700. ಬಿ.ಎಸ್ಸಿ. ಐಟಿಯಂಥ ಸ್ವಂತ ಖರ್ಚಿನ ಕೋರ್ಸುಗಳಲ್ಲಿ 1,500 ಎಂಬ ಸಂಖ್ಯೆಯನ್ನು ಹೇಳಿದರೆ ಆಫೀಸಿನವರು ನಕ್ಕಾರು. ಎಷ್ಟು ಕೊಡುತ್ತೀರಿ ಎಂದಷ್ಟೇ ಕೇಳಿ ಬರಬೇಡಿ. ಪ್ರಾಕ್ಟಿಕಲ್ ತಾಸು ಇಡೀ ತಾಸೋ ಅರ್ಧವೋ? ಉತ್ತರ ಪತ್ರಿಕೆ ತಿದ್ದಿದ್ದಕ್ಕೆ ಏನು? ಮಳೆಗೆ ಲೋಕಲ್ ನಿಂತು ಕಾಲೇಜಿಗೆ ರಜೆ ಕೊಟ್ಟರೆ ಆ ದಿನದ ಲೆಕ್ಕ ಯಾರ ಖಾತೆಗೆ? ನನ್ನ ಒಂದು ಕಾಲೇಜಿನಲ್ಲಿ ಗಣಪತಿ, ದೀಪಾವಳಿ, ಪರೀಕ್ಷೆ ಎಲ್ಲ ಕಳೆದು ಹತ್ತು ತಿಂಗಳ ದುಡಿಮೆಗೆ ಆರು ತಿಂಗಳ ದುಡ್ಡು ಬಂತು. ಅದನ್ನೂ ಸಹಿಸಿದೆ. ಬಿಟ್ಟು ಬರುವಾಗ ಅನುಭವ ಪತ್ರ ಕೇಳಿದರೆ, ಇವರು ನಮ್ಮಲ್ಲಿ ಸಂದರ್ಶಕ ಉಪನ್ಯಾಸಕರಾಗಿದ್ದರು ಎಂಬ ಒಂದೇ ಸಾಲು ಕೊಟ್ಟರು. ಎಂದಿನಿಂದ ಎಂದಿನವರೆಗೆ ಎಂದಿರಲಿಲ್ಲ. ಮುಂದೆ ಎರಡು ಸಂದರ್ಶನಗಳಲ್ಲಿ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿದರು.

• ದಿನಾಂಕಕ್ಕೆ ಇಷ್ಟೇಕೆ ಒದ್ದಾಟ ಎಂದರೆ, ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಂದರ್ಶನಕ್ಕೆ ಕರೆಯುವವರನ್ನು ಆರಿಸುವ ಅಂಕಪಟ್ಟಿ ಇದೆ. ಬೋಧನೆ ಅಥವಾ ಪೋಸ್ಟ್‌ಡಾಕ್, ಎರಡಕ್ಕೂ ಒಂದೇ ದರ: ವರ್ಷಕ್ಕೆ 2 ಅಂಕ, ಒಟ್ಟು 10 ಮೀರುವಂತಿಲ್ಲ. ವರ್ಷ ತುಂಬದಿದ್ದರೆ ಅಷ್ಟಕ್ಕಷ್ಟೇ ಕಡಿತ. ಅಂದರೆ ನಿಮ್ಮ ಪ್ರತಿ ತಿಂಗಳೂ ಎಣಿಕೆಗೆ ಬರುತ್ತದೆ, ಕಾಗದ ಇದ್ದರೆ. ನೇಮಕದ ಪತ್ರ, ವಿಶ್ವವಿದ್ಯಾಲಯದ ಅಪ್ರೂವಲ್, ಬ್ಯಾಂಕಿಗೆ ಬಿದ್ದ ಸಂಬಳದ ದಾಖಲೆ ಒಂದು ಫೈಲಿನಲ್ಲಿರಲಿ. ನಗದು ಕೊಡುತ್ತೇವೆ ಎಂದವರಿಗೆ ನಮಸ್ಕಾರ ಹೇಳಿ ಬನ್ನಿ.

• ಯೋಜನೆಯ ಆಯುಷ್ಯ ಕೇಳಿ ಸೇರಿ. ಕೇಂದ್ರ ಸರ್ಕಾರದ ಟೆಕ್ವಿಪ್ ಯೋಜನೆಯ ಮೂರನೇ ಹಂತದಲ್ಲಿ ಐಐಟಿ, ಎನ್‌ಐಟಿಗಳಲ್ಲಿ ಓದಿದ 1,200ಕ್ಕೂ ಹೆಚ್ಚು ತರುಣರನ್ನು ಹಿಂದುಳಿದ ರಾಜ್ಯಗಳ ಇಂಜಿನಿಯರಿಂಗ್ ಕಾಲೇಜುಗಳಿಗೆ ಮೇಷ್ಟರಾಗಿ ಕಳಿಸಿದರು. ಬೋಧನೆಯ ಫೆಲೋಶಿಪ್ ಎಂಬುದಕ್ಕೆ ನಮ್ಮ ದೇಶ ಹತ್ತಿರ ಬಂದದ್ದು ಅಲ್ಲೇ ಎಂದು ನನ್ನ ಲೆಕ್ಕ. ಒಳ್ಳೆಯ ಯೋಚನೆ, ಒಳ್ಳೆಯ ಸಂಬಳ. 2021ರ ಸೆಪ್ಟೆಂಬರಿನಲ್ಲಿ ಯೋಜನೆ ಮುಗಿಯಿತು, ಅದರ ಜೊತೆ ಹುದ್ದೆಯೂ. ಅಲ್ಲಿ ಪಾಠ ಹೇಳಿದ ಹುಡುಗರಲ್ಲಿ ತಪ್ಪಿರಲಿಲ್ಲ.

• ಪಾಠ ಹೇಳುವುದೂ ಒಂದು ಕಸುಬು, ಅದನ್ನು ಕಲಿಯಬೇಕು. ಇದನ್ನು ಹೇಳಿದರೆ ನಿಮ್ಮಂಥ ಜಾಣರು ಮುಖ ತಿರುಗಿಸುತ್ತೀರಿ, ಗೊತ್ತು. ನಾನು ಮೊದಲ ವರ್ಷ ಲಿಂಕ್ಡ್ ಲಿಸ್ಟ್ ಪಾಠ ಮಾಡಿದಾಗ ಬೋರ್ಡಿನ ತುಂಬ ಚೌಕ, ಬಾಣ. ಅರವತ್ತು ಮಕ್ಕಳಲ್ಲಿ ಐವತ್ತು ಮಂದಿ ಬಾಣಗಳನ್ನು ಹಾಗೇ ನಕಲು ಮಾಡಿಕೊಂಡರು, ಕಾಗದದ ಮೇಲೆ ಒಂದು ನೋಡ್ ಅಳಿಸಿ ತೋರಿಸು ಎಂದರೆ ಸೀಲಿಂಗ್ ನೋಡಿದರು. ಎರಡನೇ ವರ್ಷ ಬೋರ್ಡು ಬಿಟ್ಟು ಲೋಕಲ್ ಹಿಡಿದೆ. ಬೆಳಿಗ್ಗೆ ಫಾಸ್ಟ್ ಗಾಡಿಯಲ್ಲಿ ನಿಂತವನು ಕೂತವನನ್ನು ಕೇಳುತ್ತಾನಲ್ಲ, ಎಲ್ಲಿ ಇಳಿಯುತ್ತೀರಿ ಎಂದು? ಆತ ಘಾಟ್‌ಕೋಪರ್ ಎಂದರೆ ಸೀಟು ಇವನದಾಯಿತು. ಇವನ ಹಿಂದೆ ಇನ್ನೊಬ್ಬ ಇವನನ್ನೇ ಕೇಳಿಕೊಂಡು ನಿಲ್ಲುತ್ತಾನೆ. ಇಡೀ ಸಾಲು ಯಾರ ತಲೆಯಲ್ಲೂ ಇಲ್ಲ. ಪ್ರತಿಯೊಬ್ಬನಿಗೂ ತಾನು ಯಾರನ್ನು ಹಿಡಿದಿದ್ದೇನೆ ಎಂಬುದಷ್ಟೇ ಗೊತ್ತು. ಈಗ ನಡುವಿನವನು ಮನಸ್ಸು ಬದಲಿಸಿ ಥಾಣೆಯಲ್ಲೇ ಇಳಿದುಬಿಟ್ಟ. ಅವನ ಹಿಂದಿನವನು ಯಾರನ್ನು ಹಿಡಿಯಬೇಕು? ಇಳಿಯುವ ಮೊದಲು ಅದನ್ನು ಹೇಳಿ ಹೋಗದಿದ್ದರೆ ಏನಾಗುತ್ತದೆ? ತರಗತಿಯಲ್ಲಿ ಜಗಳವೇ ಶುರುವಾಯಿತು. ಅಂದು ನೋಡ್ ಅಳಿಸುವುದು ಐವತ್ತು ಮಂದಿಗೆ ಬಂತು.

• ಈ ಕಸುಬು ಕಲಿಯಲು ದೂರ ಹೋಗಬೇಕಿಲ್ಲ. ವಾಶಿ ಸೇತುವೆ ದಾಟಿದರೆ ಮಾನ್‌ಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಮಕ್ಕಳು ಎಲ್ಲಿ, ಏಕೆ ತಪ್ಪುತ್ತಾರೆ ಎಂಬುದರ ಮೇಲೆಯೇ ಅಲ್ಲಿ ಸಂಶೋಧನೆ. ಪವಾಯಿಯ ಐಐಟಿಯಲ್ಲಿ ಶಿಕ್ಷಣ ತಂತ್ರಜ್ಞಾನಕ್ಕೆಂದೇ ಕೇಂದ್ರವಿದೆ. ಪ್ರೊ. ದೀಪಕ್ ಫಾಟಕ್ ಆ ಐಐಟಿಯಿಂದಲೇ ಹತ್ತು ಸಾವಿರ ಮೇಷ್ಟರಿಗೆ ಪಾಠ ಹೇಳುವ ಯೋಜನೆ ನಡೆಸಿದರು. ಪ್ರೊ. ಕಣ್ಣನ್ ಮೌದ್ಗಲ್ಯರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಪಾಠಗಳು ಕನ್ನಡದಲ್ಲೂ ಸಿಗುತ್ತವೆ, ಪುಕ್ಕಟೆ. ಎಸಿಎಂ ಇಂಡಿಯಾದವರು ಕಂಪ್ಯೂಟರ್ ಬೋಧನೆಗೆಂದೇ ಕಂಪ್ಯೂಟ್ ಎಂಬ ಸಮ್ಮೇಳನ ಮಾಡುತ್ತಾರೆ. ನಿಮ್ಮ ಲೋಕಲ್ ಗಾಡಿಯ ಪಾಠ ನಿಜವಾಗಿ ಕೆಲಸ ಮಾಡಿತೇ ಎಂದು ಎರಡು ತರಗತಿಗಳಲ್ಲಿ ಅಳೆದು ನೋಡಿ, ಅಲ್ಲಿಗೆ ಕಳಿಸಿ. ಪಾಠವೂ ಆಯಿತು, ಪ್ರಬಂಧವೂ ಆಯಿತು. ನಾನು ಹೇಳುವ ಹೊಲಿಗೆ ಇದೇ.

• ದುಡ್ಡು ತೆಗೆದುಕೊಂಡು ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ತಂಟೆ ಬೇಡ.

• ಟೈಮ್‌ಟೇಬಲ್‌ಗಿಂತ ಮೊದಲು ರೈಲಿನ ನಕ್ಷೆ ನೋಡಿ. ಒಂದು ಕಾಲೇಜು ಕಲ್ಯಾಣ್‌ನಲ್ಲಿ, ಇನ್ನೊಂದು ನೆರೂಲ್‌ನಲ್ಲಿ ಒಪ್ಪಿಕೊಂಡರೆ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಪ್ಲಾಟ್‌ಫಾರ್ಮಿಗೆ ಓಡುವುದರಲ್ಲೇ ಸಂಶೋಧನೆ ಮುಗಿಯುತ್ತದೆ. ಡೊಂಬಿವಲಿಯವರು ಬೆಳಿಗ್ಗೆ ಕಲ್ಯಾಣ್ ದಿಕ್ಕಿಗೆ ಹೋಗುವ ಕೆಲಸ ಹಿಡಿದರೆ ಕೂತು ಓದಬಹುದು. ನಾನು ಆ ಹದಿನೈದು ನಿಮಿಷಗಳಲ್ಲಿ ಓದಿದ ಪುಸ್ತಕಗಳು ಇಂದಿಗೂ ಕಪಾಟಿನಲ್ಲಿವೆ.

• ಕಂಪ್ಯೂಟರ್ ವಿಭಾಗದವರು ಎಂದ ಕೂಡಲೇ ಪ್ರಿಂಟರ್ ರಿಪೇರಿ, ಕಾಲೇಜಿನ ವೆಬ್‌ಸೈಟ್, ನ್ಯಾಕ್ ಫೈಲು ಎಲ್ಲ ನಿಮ್ಮ ಮೇಜಿಗೆ ಬರುತ್ತವೆ. ಒಂದನ್ನು ಮಾಡಿಕೊಡಿ, ಮನುಷ್ಯರ ನಡುವೆ ಇರಬೇಕಲ್ಲ. ಎರಡನೆಯದಕ್ಕೆ ಲಿಖಿತ ಆದೇಶ ಕೇಳಿ.

• ಯಾವ ವಿಷಯದಲ್ಲಿ ಪಿಎಚ್‌.ಡಿ. ಆಯಿತು ಎಂಬುದಕ್ಕೆ ಜೀವನಪೂರ್ತಿ ಕಟ್ಟುಬೀಳಬೇಡಿ. ಯು.ಬಿ. ಪವನಜ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರಸಾಯನಶಾಸ್ತ್ರದ ವಿಜ್ಞಾನಿಯಾಗಿದ್ದರು. ಪೋಸ್ಟ್‌ಡಾಕ್ ಮಾಡಿದ್ದು ತೈವಾನ್‌ನಲ್ಲಿ. 1996ರಲ್ಲಿ ವಿಶ್ವಕನ್ನಡ ಎಂಬ ಕನ್ನಡದ ಮೊದಲ ಜಾಲತಾಣ ತಂದವರು ಅವರೇ, ಮಕ್ಕಳು ಕನ್ನಡದಲ್ಲಿ ಆದೇಶ ಬರೆದು ಚಿತ್ರ ಬಿಡಿಸುವ ಕನ್ನಡ ಲೋಗೋ ಮಾಡಿದವರೂ ಅವರೇ. ನಮ್ಮ ಕನ್ನಡದ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಕೂಡ ಮುಂಬಯಿಯಲ್ಲಿ ದುಡಿದು ಆಮೇಲೆ ಮಣಿಪಾಲದಲ್ಲಿ ಪಾಠ ಹೇಳಿದವರು.

• ಮನೆಯವರಿಗೆ ಬಿಡಿಸಿ ಹೇಳಿ. ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮಾಡಿದ ತಂದೆಗೆ ಪೋಸ್ಟ್‌ಡಾಕ್ ಎಂದರೆ ಮಗನ ಓದು ಇನ್ನೂ ಮುಗಿದಿಲ್ಲ ಎಂದೇ ಅರ್ಥ. ಸಂಬಳ ಎಷ್ಟು, ಎಂದು ಮುಗಿಯುತ್ತದೆ ಎರಡನ್ನೂ ಹೇಳಿಬಿಡಿ. ಹುಡುಗಿಯರು ಮದುವೆ, ಹೆರಿಗೆ ಎಂದು ನಡುವೆ ಬಿಟ್ಟಿದ್ದರೆ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಪಿಡಿಎಫ್ ಮಹಿಳೆಯರಿಗೇ ಮೀಸಲು, ಅದನ್ನು ನೋಡಿ.

• ಎರಡು ವರ್ಷ, ಅದಕ್ಕಿಂತ ಹೆಚ್ಚು ಬೇಡ. ತಾತ್ಕಾಲಿಕ ಹುದ್ದೆಯಲ್ಲಿ ಮೊದಲ ವರ್ಷ ನೀವು ಕಲಿಯುತ್ತೀರಿ, ಎರಡನೇ ವರ್ಷ ಚೆನ್ನಾಗಿ ಕಲಿಸುತ್ತೀರಿ. ಮೂರನೇ ವರ್ಷ ಸಂಸ್ಥೆಗೆ ನೀವು ಅಗ್ಗಕ್ಕೆ ಸಿಕ್ಕ ಅಭ್ಯಾಸ. ನಾನು ನಾಲ್ಕು ವರ್ಷ ಇದ್ದೆ, ಇನ್ನೊಂದು ಸೆಮಿಸ್ಟರ್ ನೋಡೋಣ ಎನ್ನುತ್ತ. ಎರಡು ವರ್ಷಕ್ಕೆ ಏನೂ ಆಗದಿದ್ದರೆ ಮಹಾಪೆ, ಘನ್ಸೋಲಿ ಕಡೆಯ ಕಂಪನಿಗೆ ಹೋಗಿ, ಅದು ಸೋಲಲ್ಲ. ಐಐಟಿಗಳು ಸಹಾಯಕ ಪ್ರಾಧ್ಯಾಪಕರ ಗ್ರೇಡ್ 1 ಹುದ್ದೆಗೆ ಕೇಳುವ ಮೂರು ವರ್ಷದ ಅನುಭವದಲ್ಲಿ ಕೈಗಾರಿಕೆಯ ಕೆಲಸಕ್ಕೂ ಜಾಗವಿದೆ. ವಾಪಸು ಬರಬಹುದು.

• ಕೊನೆಯದಾಗಿ ಒಂದು ಕೆಲಸ, ಈ ವಾರದ್ದೇ. ನೀವು ಈವರೆಗೆ ಪಾಠ ಹೇಳಿದ ಕಾಲೇಜುಗಳ ಪಟ್ಟಿ ಮಾಡಿ. ಯಾವುದರಿಂದ ದಿನಾಂಕವಿರುವ ಅನುಭವ ಪತ್ರ ಬಂದಿಲ್ಲವೋ ಅಲ್ಲಿಗೆ ಸೋಮವಾರ ಬೆಳಿಗ್ಗೆ ಹೋಗಿ ಕೂತು ಬರೆಸಿಕೊಂಡು ಬನ್ನಿ. ಪ್ರಿನ್ಸಿಪಾಲರು ನಿವೃತ್ತರಾದ ಮೇಲೆ, ಗುಮಾಸ್ತರು ಬದಲಾದ ಮೇಲೆ ಆ ರಿಜಿಸ್ಟರು ಯಾರ ಕೈಗೂ ಸಿಗುವುದಿಲ್ಲ.