ಎಂಜಿನ್ ಬಿಚ್ಚೋ ಮುಂಚೆ ಸದ್ದು ಕೇಳೋಣ

ವಿಶ್ವೇಶ್ವರಯ್ಯ ನಾಲೆಯ ನೀರು ಕಂಡ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಕಬ್ಬು ಇದ್ದಲ್ಲಿ ಆಲೆಮನೆ ಇದ್ದೇ ಇರುತ್ತೆ. ಕರೆಂಟ್ ಕೈಕೊಟ್ಟಾಗ ಗಾಣ ತಿರುಗಿಸೋಕೆ ಡೀಸೆಲ್ ಎಂಜಿನ್ನೇ ಆಸರೆ. ಕಡಿದ ಕಬ್ಬು ನಮಗಾಗಿ ಕಾಯೋದಿಲ್ಲ. ಹೊತ್ತು ಕಳೆದಂತೆ ಸಕ್ಕರೆ ಅಂಶ ಇಳಿಯುತ್ತೆ, ಹಿಂಡಿದ ಹಾಲು ಹುಳಿಯಾಗುತ್ತೆ. ಅಂಥ ಹೊತ್ತಲ್ಲಿ ಎಂಜಿನ್ ಕುಟ್ಟೋಕೆ ಶುರುಮಾಡಿದರೆ ಸುಮ್ಮನೆ ಓಡಿಸಿದರೂ ನಷ್ಟ, ಗೊತ್ತಿಲ್ಲದೆ ಬಿಚ್ಚಿದರೂ ನಷ್ಟ. ಹಾಗಾಗಿ ದೋಷ ಎಲ್ಲಿದೆ ಅಂತ ಹುಡುಕೋ ಕ್ರಮವನ್ನು ನಾವು ತಿಳಿದಿರಬೇಕು.

ಮೊದಲು ಆಯಿಲ್ ನೋಡೋಣ. ಕುಟ್ಟೋ ಸದ್ದಿನ ಜೊತೆ ಆಯಿಲ್ ಪ್ರೆಶರ್ ಬಿದ್ದಿದ್ದರೆ ಅಥವಾ ಮಟ್ಟ ಇಳಿದಿದ್ದರೆ ಎಂಜಿನ್ ತಕ್ಷಣ ನಿಲ್ಲಿಸಬೇಕು. ಮುಂದಿನ ಪರೀಕ್ಷೆಗಳು ಆಮೇಲೆ.

ಎರಡನೆಯದು ಲೋಡ್. ಎಂಜಿನ್ ನಿಲ್ಲಿಸಿ, ಬೆಲ್ಟ್ ತೆಗೆದು, ಮತ್ತೆ ಸ್ಟಾರ್ಟ್ ಮಾಡಿ. ಅದುರು ಹೋದರೆ ಮೊದಲ ಅನುಮಾನ ಗಾಣ ಅಥವಾ ಪುಲ್ಲಿ ಅಲೈನ್‌ಮೆಂಟ್ ಮೇಲೆ. ಹಾಗೇ ಉಳಿದರೆ ಅಡಿಪಾಯದ ಬೋಲ್ಟ್, ಫ್ಲೈವ್ಹೀಲ್ ಕೀ ಪರೀಕ್ಷಿಸಿ. ಸಡಿಲ ಕೀ ಕೂಡ ಬೇರಿಂಗ್ ಹೋದಂತೆಯೇ ಸದ್ದು ಮಾಡುತ್ತೆ!

ಮೂರನೆಯದು ಲೆಕ್ಕ. 1500 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 25 ಸುತ್ತು ಹೊಡೆಯುತ್ತೆ. ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಒಂದು ಸಿಲಿಂಡರ್ ಉರಿಯೋದು, ಅದರ ವಾಲ್ವ್ ತೆರೆಯೋದು 12.5 ಸಲ. ಮೊಬೈಲಿನ ಆಕ್ಸೆಲೆರೋಮೀಟರ್ ಆ್ಯಪ್‌ನಲ್ಲಿ 25 ಹರ್ಟ್ಜ್ ಮಾತ್ರ ಎದ್ದು ಕಂಡರೆ ತಿರುಗೋ ಭಾಗಗಳ ಅಸಮತೋಲನದ ಕಡೆ ಮೊದಲು ನೋಡೋಣ. 12.5 ಎಂದಿಗಿಂತ ಹೆಚ್ಚಾಗಿದ್ದರೆ ದಹನದ ಕಡೆ. ಇದು ಸುಳಿವು ಅಷ್ಟೇ, ತೀರ್ಪಲ್ಲ.

ನಾಲ್ಕನೆಯದು ಟ್ರ್ಯಾಕ್ಟರಿನಂಥ ಬಹು ಸಿಲಿಂಡರ್ ಎಂಜಿನ್‌ಗೆ. ಹಳೆಯ ಮೆಕ್ಯಾನಿಕಲ್ ಪಂಪ್ ಇದ್ದರೆ, ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ. ಯಾವುದನ್ನು ಸಡಿಲಿಸಿದಾಗ ಕುಟ್ಟು ತಗ್ಗುತ್ತೋ ಆ ಸಿಲಿಂಡರಿನ ಇಂಜೆಕ್ಟರ್, ಪಿಸ್ಟನ್ ಅಥವಾ ಬಿಗ್ ಎಂಡ್ ಮೇಲೆ ಅನುಮಾನ. ಏನೂ ಬದಲಾಗದಿದ್ದರೆ ವಾಲ್ವ್, ಟೈಮಿಂಗ್ ಗೇರ್ ಕಡೆ ಹೋಗಿ. ಚಿಮ್ಮೋ ಡೀಸೆಲ್ ಚರ್ಮದೊಳಗೆ ನುಗ್ಗುತ್ತೆ, ಕೈ ಅಡ್ಡ ಇಡಬೇಡಿ. ಕಾಮನ್ ರೈಲ್ ಎಂಜಿನ್‌ನಲ್ಲಂತೂ ಇದನ್ನು ಮಾಡಲೇಬಾರದು.

ಸದ್ದಿನ ಗುರುತುಗಳು ಹೀಗಿವೆ:

• ಹಗುರವಾದ ಟಿಕ್ ಟಿಕ್: ಟ್ಯಾಪೆಟ್ ಸಂದು ಹೆಚ್ಚಾಗಿರಬಹುದು. ಮ್ಯಾನ್ಯುಯಲ್ ಹೇಳಿದ ಅಳತೆಗೆ ಫೀಲರ್ ಗೇಜ್ ಇಟ್ಟು ಸರಿಪಡಿಸಿ.

• ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಮ್ಮಿ: ಸವೆದ ಪಿಸ್ಟನ್ ಲೈನರಿಗೆ ಬಡಿಯುತ್ತಿರಬಹುದು.

• ಚೂಪಾದ ಲೋಹದ ಹೊಡೆತ: ಇಂಜೆಕ್ಷನ್ ಬೇಗ ಆಗಿದೆಯೇ ನೋಡಿ. ಇಗ್ನಿಷನ್ ಡಿಲೇ ಉದ್ದವಾದಷ್ಟೂ ಕೂಡಿಕೊಂಡ ಇಂಧನ ಒಮ್ಮೆಗೇ ಉರಿಯುತ್ತೆ ಅಂತ ಕ್ಲಾಸಲ್ಲಿ ಓದಿದ್ದು ಇದನ್ನೇ. ಟೈಮಿಂಗ್ ಸರಿಯಿದ್ದರೆ ನಾಝಲ್ ಪರೀಕ್ಷೆಗೆ ಕಳಿಸಿ.

• ಲೋಡ್ ಬಿದ್ದಾಗ ಆಳವಾದ ಗುದ್ದು: ಬೇರಿಂಗ್ ಇರಬಹುದು. ನಿಲ್ಲಿಸಿ ಬಿಚ್ಚೋದೇ ಸರಿ.

ಇನ್ನೊಂದು ಮಾತು. ಹಂಗಾಮು ಶುರುವಾಗೋ ಮುಂಚೆ, ಎಂಜಿನ್ ಚೆನ್ನಾಗಿರುವಾಗಲೇ ಅದರ ಸದ್ದು, ಅದುರು ದಾಖಲಿಸಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡೋಕೆ ಅದೇ ಆಧಾರ.