ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ದುಡಿಮೆಗೆ ಮರಳುವುದು ಯಾವಾಗ?

ಮಿದುಳಿನ ರಕ್ತನಾಳದ ಉಬ್ಬಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದವರನ್ನು ನೋಡಲು ಬರುವ ನೆಂಟರಿಷ್ಟರು ಕೇಳುವ ಮಾತು ಒಂದೇ: "ಇನ್ನೆಷ್ಟು ದಿನ ಹೀಗೆ?" ಹೊಲದಲ್ಲಿ ರಾಗಿ ಕೊಯ್ಲಿಗೆ ಬಂದಿರುತ್ತದೆ, ಆಸ್ಪತ್ರೆಗೆ ಓಡಾಡಿದ ಕೈಸಾಲ ತಲೆಯ ಮೇಲಿರುತ್ತದೆ. ಆದರೂ ತಲೆಯ ಹೊಲಿಗೆ ಬಿಚ್ಚಿದ ದಿನವೇ ಕೆಲಸಕ್ಕೆ ಹೊರಡುವ ದಿನವೆಂದು ತಿಳಿಯುವುದು ತಪ್ಪು. ಈ ವಿಷಯವನ್ನು ಪತಿಪತ್ನಿಯರಿಬ್ಬರೂ ಕುಳಿತು, ವೈದ್ಯರನ್ನು ಕೇಳಿ ನಿರ್ಧರಿಸಬೇಕು.

ಮಿದುಳಿನ ಬುಡದಲ್ಲಿ ರಕ್ತನಾಳಗಳು ಕವಲೊಡೆಯುವ ಕಡೆ ನಾಳದ ಗೋಡೆಯು ದುರ್ಬಲಗೊಂಡು, ಹಳೆಯ ಸೈಕಲ್ ಟ್ಯೂಬು ಒಂದೆಡೆ ಉಬ್ಬುವಂತೆ, ಸಣ್ಣ ಚೀಲವಾಗಿ ಉಬ್ಬುವುದುಂಟು. ವೈದ್ಯರು ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಅದು ಒಡೆದರೆ ಮಿದುಳಿನ ಸುತ್ತ ರಕ್ತ ಹರಡಿ ಪ್ರಾಣಕ್ಕೆ ಅಪಾಯವೊದಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಬಗೆಯ ಚಿಕಿತ್ಸೆಗಳಿವೆ. ತಲೆಬುರುಡೆಯನ್ನು ತೆರೆದು ಉಬ್ಬಿನ ಕುತ್ತಿಗೆಗೆ ಲೋಹದ ಕ್ಲಿಪ್ ಹಾಕುವುದು ಒಂದು. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಮಿದುಳಿನವರೆಗೆ ಸಾಗಿಸಿ, ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿಗಳನ್ನು ತುಂಬುವುದು ಇನ್ನೊಂದು.

ವಿಶ್ರಾಂತಿಯ ಅವಧಿಯು ಎಲ್ಲರಿಗೂ ಒಂದೇ ಅಲ್ಲ. ಉಬ್ಬು ಒಡೆಯುವ ಮೊದಲೇ ಪತ್ತೆಯಾಗಿ, ಸುರುಳಿಯ ಚಿಕಿತ್ಸೆ ಪಡೆದವರು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ಹಗುರವಾದ ಕೆಲಸಕ್ಕೆ ಮರಳಬಲ್ಲರು. ಒಡೆಯದ ಉಬ್ಬಿಗೆ ತಲೆ ತೆರೆದು ಕ್ಲಿಪ್ ಹಾಕಿಸಿಕೊಂಡವರಿಗೆ 4ರಿಂದ 8 ವಾರಗಳು ಬೇಕಾಗುತ್ತವೆ. ಗುದ್ದಲಿ ಹಿಡಿಯುವವರಿಗೆ, ಮೂಟೆ ಹೊರುವವರಿಗೆ ಇನ್ನೂ ಹೆಚ್ಚು. ಉಬ್ಬು ಒಡೆದ ಮೇಲೆ ಚಿಕಿತ್ಸೆಯಾಗಿದ್ದರೆ ವಾರಗಳ ಲೆಕ್ಕವನ್ನು ಬಿಟ್ಟು ತಿಂಗಳುಗಳ ಲೆಕ್ಕ ಹಿಡಿಯಬೇಕು. 3ರಿಂದ 6 ತಿಂಗಳು ಹಿಡಿಯುವುದು ಸಾಮಾನ್ಯ. ಕೆಲವರಿಗೆ ವರ್ಷವೂ ಆಗಬಹುದು. ಹಿಂದಿನ ಕೆಲಸಕ್ಕೆ ಮರಳಲಾಗದೆ ಬೇರೆ ಕೆಲಸ ಹುಡುಕಿಕೊಳ್ಳಬೇಕಾದವರೂ ಉಂಟು. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದರಿಂದ ಪ್ರಯೋಜನವಿಲ್ಲ.

ಕಾಲು ಮುರಿದವನ ಪಟ್ಟಿ ಊರಿಗೆಲ್ಲ ಕಾಣುತ್ತದೆ. ಮಿದುಳಿನ ದಣಿವು ಕಾಣುವುದಿಲ್ಲ. ಕೂದಲು ಬೆಳೆದು ಗಾಯ ಮುಚ್ಚಿದ ಮೇಲೂ ರೋಗಿಯು ನಡುಹಗಲಿಗೇ ಸೋತು ಮಲಗಬಹುದು; ಗದ್ದಲದಲ್ಲಿ ತಲೆನೋವು ಬರಬಹುದು; ಒಲೆಯ ಮೇಲಿಟ್ಟ ಹಾಲನ್ನು, ಹಾಕಿದ ಪಂಪ್‌ಸೆಟ್ಟನ್ನು, ಕೊಟ್ಟ ಹಣವನ್ನು ಮರೆಯಬಹುದು; ಕಾರಣವಿಲ್ಲದೆ ರೇಗಬಹುದು, ಅಳಬಹುದು. ಇದು ಸೋಮಾರಿತನವಲ್ಲ, ಗಾಳಿಸೋಕೂ ಅಲ್ಲ. ಪೆಟ್ಟು ತಿಂದ ಮಿದುಳು ಚೇತರಿಸಿಕೊಳ್ಳುತ್ತಿರುವ ಬಗೆ ಇದು. "ತಿಂದುಂಡು ಚೆನ್ನಾಗಿಯೇ ಇದ್ದಾನಲ್ಲ" ಎನ್ನುವ ಹಿರಿಯರಿಗೆ ಇದನ್ನು ತಿಳಿಹೇಳುವ ಹೊಣೆ ಬಾಳಸಂಗಾತಿಯದು.

ಈ ಕಾಯಿಲೆಯು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದರೆ ಗಂಡಸಿಗೆ ದೊರೆಯುವ ವಿಶ್ರಾಂತಿಯು ಮನೆಯೊಡತಿಗೆ ದೊರೆಯುವುದು ಅಪರೂಪ. ಅವಳು ಕೂಲಿಗೆ ಹೋಗದಿದ್ದರೆ ಸಾಕು, ವಿಶ್ರಾಂತಿಯಲ್ಲಿದ್ದಾಳೆಂದೇ ಮನೆಯವರು ಭಾವಿಸುತ್ತಾರೆ. ನೀರಿನ ಕೊಡ, ಹುಲ್ಲಿನ ಹೊರೆ, ಒಲೆಯ ಮುಂದಿನ ಹೊಗೆ, ಬಗ್ಗಿ ಸಾರಿಸುವುದು — ಇವೂ ದುಡಿಮೆಯೇ. ಪತಿಯು ಕೊಡ ಹಿಡಿದು ಕೊಳಾಯಿಯ ಬಳಿ ನಿಲ್ಲಲು ನಾಚಬೇಕಾಗಿಲ್ಲ.

ಹಾಗೆಂದು ಸದಾ ಮಲಗಿರುವುದೂ ಹಿತವಲ್ಲ. ಮೊದಲು ಅಂಗಳದಲ್ಲಿ, ನಂತರ ಬೀದಿಯ ತುದಿಯವರೆಗೆ ನಡೆಯಿರಿ. ಓಡಾಡಿದರೆ ಕ್ಲಿಪ್ ಜಾರುವುದೆಂಬ ಭಯ ಬೇಡ. ಸೊಪ್ಪು ಬಿಡಿಸುವುದು, ಡೇರಿಯ ಹಾಲಿನ ಲೆಕ್ಕ ಬರೆಯುವುದು ಮುಂತಾದ ಸಣ್ಣ ಕೆಲಸಗಳನ್ನು ಮಾಡಿ ನೋಡಿರಿ. ಲೆಕ್ಕ ತಪ್ಪದಿದ್ದರೆ, ಮರುದಿನ ದಣಿವು ಕಾಡದಿದ್ದರೆ, ಕೆಲಸವನ್ನು ಸ್ವಲ್ಪ ಹೆಚ್ಚಿಸಬಹುದು. ಅರ್ಧ ದಿನದ ಕೆಲಸವು ಕೆಲವು ವಾರ ನಿಭಾಯಿಸಿದ ಮೇಲೆಯೇ ಪೂರ್ಣ ದಿನದ ಮಾತು. ಭಾರ ಎತ್ತಲು ವೈದ್ಯರ ಒಪ್ಪಿಗೆ ಪಡೆಯಿರಿ. ಮೂರ್ಛೆ ಬಂದಿದ್ದವರು ವೈದ್ಯರು ಹೇಳುವವರೆಗೆ ಅಡಿಕೆ, ತೆಂಗಿನ ಮರ ಹತ್ತುವುದು, ಟ್ರ್ಯಾಕ್ಟರ್ ಅಥವಾ ಮೋಟಾರ್ ಸೈಕಲ್ ನಡೆಸುವುದು, ಕಬ್ಬಿನ ಗಾಣದ ಬಳಿ ನಿಲ್ಲುವುದು, ಒಂಟಿಯಾಗಿ ಬಾವಿಗೆ ಅಥವಾ ಕೆರೆಗೆ ಇಳಿಯುವುದು ಕೂಡದು. ಮೂರ್ಛೆಯ ಮಾತ್ರೆಯನ್ನು, ರಕ್ತದೊತ್ತಡದ ಮಾತ್ರೆಯನ್ನು, "ಈಗ ಗುಣವಾಯಿತು" ಎಂದು ತಾವಾಗಿಯೇ ನಿಲ್ಲಿಸಬೇಡಿರಿ. ಬೀಡಿ, ಸಿಗರೇಟುಗಳನ್ನು ಇನ್ನು ಮುಟ್ಟಲೇಬಾರದು.

ಸಂಕೋಚದಿಂದ ಯಾರೂ ಕೇಳದ ವಿಷಯವೊಂದಿದೆ. ದಾಂಪತ್ಯ ಸಂಬಂಧವನ್ನು ಎಂದಿನಿಂದ ಮುಂದುವರಿಸಬಹುದೆಂದು ಮರುತಪಾಸಣೆಯ ದಿನ ನೇರವಾಗಿ ಕೇಳಿರಿ. ವೈದ್ಯರಿಗೆ ಇದು ಹೊಸ ಪ್ರಶ್ನೆಯಲ್ಲ. ಚೇತರಿಕೆಯ ತಿಂಗಳುಗಳಲ್ಲಿ ಗರ್ಭ ನಿಲ್ಲದಂತೆ ನೋಡಿಕೊಳ್ಳುವುದು ಒಳಿತು. ಆದರೆ ಉಬ್ಬು ಒಡೆದು ಚಿಕಿತ್ಸೆ ಪಡೆದ ಮಹಿಳೆಗೆ ಮಾಲಾ-ಎನ್ ನಂತಹ ಈಸ್ಟ್ರೋಜೆನ್ ಇರುವ ನುಂಗುವ ಮಾತ್ರೆ ತಕ್ಕುದಲ್ಲ. ಕೆಲವು ಮೂರ್ಛೆಯ ಔಷಧಿಗಳು ಇಂತಹ ಮಾತ್ರೆಗಳ ಶಕ್ತಿಯನ್ನೂ ತಗ್ಗಿಸುತ್ತವೆ. ನಿರೋಧ್ ಅಥವಾ ಕಾಪರ್-ಟಿ ಬಗ್ಗೆ ಆರೋಗ್ಯ ಸಹಾಯಕಿಯೊಡನೆ ಮಾತನಾಡಿರಿ.

ಗಾರ್ಮೆಂಟ್ಸ್ ಅಥವಾ ಇತರ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇ.ಎಸ್.ಐ. ವಿಮೆಯಿದ್ದಲ್ಲಿ, ನಿಯಮಕ್ಕೊಳಪಟ್ಟು ರಜೆಯ ದಿನಗಳಿಗೆ ಭತ್ಯೆ ದೊರೆಯುತ್ತದೆ. ಆದ್ದರಿಂದ ವೈದ್ಯರ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿರಿ. ಒಳಗಿರುವುದು ಯಾವ ಬಗೆಯ ಕ್ಲಿಪ್ ಎಂಬುದನ್ನು ಮುಂದೆ ಎಂ.ಆರ್.ಐ. ಮಾಡುವವರು ಕೇಳುತ್ತಾರೆ. ಹೊಲದ ಕೆಲಸದವರಿಗೆ ಇಂತಹ ಭತ್ಯೆಯಿಲ್ಲ. ಮುಯ್ಯಾಳಿನ ಪದ್ಧತಿ ಇನ್ನೂ ಉಳಿದಿರುವ ಊರುಗಳಲ್ಲಿ ಈ ವರ್ಷ ಆಳು ಪಡೆದು, ಮುಂದಿನ ವರ್ಷ ಮುಯ್ಯಿ ತೀರಿಸುವ ಮಾತನ್ನು ಸುಗ್ಗಿಗೆ ಮೊದಲೇ ಆಡಿಕೊಳ್ಳಿರಿ.

ಸಿಡಿಲು ಬಡಿದಂತೆ ಒಮ್ಮೆಲೇ ತಲೆನೋವು, ವಾಂತಿ, ಕತ್ತು ಬಿಗಿತ, ಮೂರ್ಛೆ, ಮಾತು ತೊದಲುವುದು, ಕೈಕಾಲು ಸೋಲುವುದು, ಜ್ವರದೊಡನೆ ಗಾಯದಿಂದ ಕೀವು ಅಥವಾ ನೀರು ಸೋರುವುದು — ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿರಿ.