ಮಿಲ್ಲು ಕೇಳಿದಷ್ಟೇ ಕಬ್ಬು

ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವನನ್ನು ಗಮನಿಸಿ ನೋಡಿ. ಗಾಣದ ದನಿ ಭಾರವಾದ ಕೂಡಲೇ ಅವನ ಕೈ ತಡೆಯುತ್ತದೆ. ಹಗುರವಾದರೆ ಇನ್ನೆರಡು ಜಲ್ಲೆ ಒಳಗೆ ಹೋಗುತ್ತವೆ. ದಿನಕ್ಕೆ 5,000 ಟನ್ ನುರಿಸುವ ಸಕ್ಕರೆ ಕಾರ್ಖಾನೆಯಲ್ಲೂ ಆಗಬೇಕಾದದ್ದು ಇದೇ ಕೆಲಸ. ಆದರೆ ಅಲ್ಲಿ ನಿಮಿಷಕ್ಕೆ ಸುಮಾರು ಮೂರೂವರೆ ಟನ್ ಕಬ್ಬು ಹರಿಯುತ್ತದೆ, ಹಂಗಾಮು ಮುಗಿಯುವವರೆಗೆ ಹಗಲೂ ರಾತ್ರಿ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೆ ಹೊಸದಾಗಿ ಸೇರುವ ಡಿಪ್ಲೊಮಾ ಹುಡುಗ ಹುಡುಗಿಯರು ಮೊದಲು ಅರಿಯಬೇಕಾದದ್ದು, ಈ ಹರಿವಿನ ಹಿಡಿತವನ್ನು ಯಂತ್ರಕ್ಕೆ ಒಪ್ಪಿಸುವುದು ಹೇಗೆ ಎಂಬುದನ್ನು.

ಕಬ್ಬು ಬರುವ ದಾರಿ ಹೀಗಿದೆ. ಟ್ರ್ಯಾಕ್ಟರ್‌ನಿಂದ ಫೀಡರ್ ಟೇಬಲ್‌ಗೆ, ಅಲ್ಲಿಂದ ಮುಖ್ಯ ಕ್ಯಾರಿಯರ್‌ಗೆ ಬೀಳುತ್ತದೆ. ಕಟರ್ ಕತ್ತರಿಸುತ್ತದೆ, ಫೈಬರೈಜರ್ ನಾರುನಾರಾಗಿ ಬಿಡಿಸುತ್ತದೆ. ಆ ಮೇಲೆ ರೇಕ್ ಕ್ಯಾರಿಯರ್ ಅದನ್ನು ಎತ್ತರಕ್ಕೊಯ್ದು ಡೊನೆಲಿ ಚೂಟ್ ಎಂಬ ಉದ್ದನೆಯ ಡಬ್ಬಿಯೊಳಗೆ ಸುರಿಯುತ್ತದೆ. ಚೂಟ್‌ನ ಬುಡದಲ್ಲಿ ಮೊದಲ ಮಿಲ್ಲಿನ ರೋಲರುಗಳು ಕಾದಿರುತ್ತವೆ.

ಚೂಟ್ ಹತ್ತಿರ ಸ್ವಲ್ಪ ನಿಲ್ಲೋಣ. ಇಡೀ ವಿಷಯದ ಜೀವ ಇಲ್ಲಿದೆ. ಅದು ಮೇಲಿಗಿಂತ ಕೆಳಗೆ ತುಸು ಅಗಲ. ಹಾಗಾಗಿ ನಾರು ಗೋಡೆಗೆ ಸಿಕ್ಕಿಕೊಳ್ಳದೆ ಜಾರುತ್ತದೆ. ಚೂಟ್ ತುಂಬಿದ್ದರೆ ಮೇಲಿನ ನಾರಿನ ಭಾರ ಕೆಳಗಿನದನ್ನು ಒತ್ತಿ ಒಂದೇ ಸಮನಾದ ದಟ್ಟಣೆಯಲ್ಲಿ ರೋಲರಿನ ಬಾಯಿಗೆ ಕೊಡುತ್ತದೆ. ಖಾಲಿಯಾದರೆ ನಾರು ಬಿಡಿಬಿಡಿಯಾಗಿ ಬೀಳುತ್ತದೆ, ರೋಲರಿಗೆ ಹಿಡಿತ ಸಿಗದೆ ಜಾರುತ್ತದೆ. ಹೊಲದಿಂದ ಬಂದ ಮಣ್ಣು ಮರಳು ನಾರಿನ ಜೊತೆಗೇ ಇರುವುದರಿಂದ ಹಾಗೆ ಜಾರಿದಾಗಲೆಲ್ಲ ರೋಲರಿನ ಹಲ್ಲು ಸವೆಯುತ್ತದೆ. ರೋಲರಿನ ಮೈ ಒರಟಾಗಿರಲಿ ಎಂದು ವೆಲ್ಡರ್‌ಗಳು ಹಾಕಿದ ಆರ್ಕಿಂಗ್ ಕೂಡ ಬೇಗ ನುಣುಪಾಗುತ್ತದೆ. ಖಾಲಿ ಚೂಟ್‌ಗೆ ಒಮ್ಮೆಲೇ ದೊಡ್ಡ ರಾಶಿ ಬಿದ್ದಾಗ ಇನ್ನೊಂದು ಕಷ್ಟ: ತಿರುಚುವ ಬಲ ಧಿಗ್ಗನೆ ಏರಿ ಗೇರು, ಕಪ್ಲಿಂಗು, ಶಾಫ್ಟುಗಳಿಗೆ ಏಟು ಬೀಳುತ್ತದೆ. ಅದಕ್ಕೂ ಮೀರಿದರೆ ಚೋಕ್. ಮಿಲ್ಲು ನಿಲ್ಲಿಸಿ, ನಾರು ಕೆದಕಿ ತೆಗೆಯಬೇಕು. ಅರ್ಧ ಗಂಟೆ ನಿಂತರೆ ನೂರು ಟನ್‌ಗೂ ಹೆಚ್ಚು ಕಬ್ಬು ಯಾರ್ಡಿನಲ್ಲೇ ಉಳಿಯುತ್ತದೆ. ಕಡಿದ ಕಬ್ಬು ಕಾದಷ್ಟೂ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ಗೇಟಿನಾಚೆ ಟ್ರ್ಯಾಕ್ಟರ್ ಮೇಲೆ ಕಾಯುತ್ತಿರುವ ರೈತನಿಗೂ ಆ ಅರ್ಧ ಗಂಟೆ ನಷ್ಟವೇ. ಫೀಡ್ ನಿಯಂತ್ರಣವನ್ನು ಬರೀ ಇನ್‌ಸ್ಟ್ರುಮೆಂಟ್ ವಿಭಾಗದ ಕೆಲಸವೆಂದು ನೋಡಬಾರದು ಅನ್ನುವುದು ಈ ಕಾರಣಕ್ಕೆ.

ಹಾಗಾದರೆ ಯಂತ್ರ ಏನು ಮಾಡುತ್ತದೆ? ಚೂಟ್‌ನ ಗೋಡೆಯಲ್ಲಿ ಒಂದರ ಮೇಲೊಂದು ಎಲೆಕ್ಟ್ರೋಡುಗಳಿರುತ್ತವೆ. ಹಸಿ ನಾರು ವಿದ್ಯುತ್ ಹರಿಯಗೊಡುವುದರಿಂದ ನಾರು ಎಷ್ಟನೆಯ ಎಲೆಕ್ಟ್ರೋಡಿನವರೆಗೆ ಮುಟ್ಟಿದೆ ಎಂದು ತಿಳಿಯುತ್ತದೆ. ಕೆಲವು ಕಡೆ ರೇಡಾರ್ ಸೆನ್ಸರ್ ಇಟ್ಟಿರುತ್ತಾರೆ. ಮಟ್ಟ ಇಳಿದರೆ ಪಿಎಲ್‌ಸಿ ಎಂಬ ಕಂಟ್ರೋಲರ್ ಕ್ಯಾರಿಯರ್ ಮೋಟರಿನ ಡ್ರೈವ್‌ಗೆ ವೇಗ ಹೆಚ್ಚಿಸಲು ಹೇಳುತ್ತದೆ, ಏರಿದರೆ ತಗ್ಗಿಸಲು. ಕೇಳಲು ಇಷ್ಟು ಸರಳ. ಹೊಸಬರು ಎಡವುವುದು ಸಮಯದ ಲೆಕ್ಕದಲ್ಲಿ.

ಒಂದು ಲೆಕ್ಕ ಹಾಕಿ ನೋಡೋಣ. ಚೂಟ್ 3 ಮೀಟರ್ ಎತ್ತರ, 2 ಮೀಟರ್ ಅಗಲ, 0.6 ಮೀಟರ್ ಆಳ ಎಂದಿಟ್ಟುಕೊಳ್ಳಿ. ಒಟ್ಟು 3.6 ಘನ ಮೀಟರ್. ಒಂದು ಘನ ಮೀಟರಿನಲ್ಲಿ 450 ಕೆ.ಜಿ. ನಾರು ಎಂದರೆ ಒಳಗಿರುವುದು ಸುಮಾರು 1.6 ಟನ್. ನಿಮಿಷಕ್ಕೆ ಮೂರೂವರೆ ಟನ್ ನುಂಗುವ ಮಿಲ್ಲಿಗೆ ಇದು ಅರ್ಧ ನಿಮಿಷಕ್ಕೂ ಸಾಲದು. ಈಗ ಮುಖ್ಯ ಕ್ಯಾರಿಯರ್‌ನ ವೇಗ ಹೆಚ್ಚಿಸಿದರೆ ಆ ಕಬ್ಬು ಚೂಟ್ ಸೇರಲು ಒಂದು ನಿಮಿಷ ಬೇಕು ಎನ್ನಿ. ಚೂಟ್ ಬರಿದಾದ ಮೇಲೆ ಕಬ್ಬು ಬಂದಂತಾಯಿತು! ಸುಮ್ಮನಿರದ ಕಂಟ್ರೋಲರ್ ಅಷ್ಟರೊಳಗೆ ವೇಗವನ್ನು ಇನ್ನೂ ಏರಿಸಿರುತ್ತದೆ, ಮುಂದಿನ ನಿಮಿಷ ಚೂಟ್ ಉಕ್ಕುತ್ತದೆ. ಹೀಗೆ ಏರಿಳಿಯುವುದಕ್ಕೆ ಹಂಟಿಂಗ್ ಅನ್ನುತ್ತಾರೆ. ಹಂಟಿಂಗ್ ಮಾಡುವ ಆಟೋ ಮೋಡ್‌ಗಿಂತ ಅನುಭವಿ ಆಪರೇಟರನ ಕೈ ಸಾವಿರ ಪಾಲು ಮೇಲು. ಚೈನು, ಗೇರ್‌ಬಾಕ್ಸ್ ಆದರೂ ಉಳಿದಾವು.

ಆದ್ದರಿಂದ ಕೆಲಸವನ್ನು ಹಂಚಬೇಕು. ಚೂಟ್‌ಗೆ ಹತ್ತಿರವಿರುವ ರೇಕ್ ಕ್ಯಾರಿಯರ್ ಚೂಟ್ ಮಟ್ಟ ನೋಡಿಕೊಂಡು ಬೇಗ ಬೇಗ ಸಣ್ಣ ತಿದ್ದುಪಡಿ ಮಾಡಲಿ. ದೂರದ ಮುಖ್ಯ ಕ್ಯಾರಿಯರ್ ನಿಧಾನವಾಗಿ ಹೊಂದಿಕೊಳ್ಳಲಿ. ಅದಕ್ಕೆ ಮುನ್ಸೂಚನೆಯೂ ಬೇಕು. ಆ ಮುನ್ಸೂಚನೆ ಸಿಗುವುದು ಕಟರ್ ಮತ್ತು ಫೈಬರೈಜರ್ ಮೋಟರುಗಳ ಆಂಪಿಯರ್‌ನಲ್ಲಿ. ಕಬ್ಬಿನ ಪದರ ದಪ್ಪವಾದರೆ ಆಂಪಿಯರ್ ಏರುತ್ತದೆ. ಚೂಟ್‌ಗೆ ರಾಶಿ ತಲುಪುವ ಮೊದಲೇ ಕ್ಯಾರಿಯರ್‌ನ ವೇಗ ತಗ್ಗುತ್ತದೆ. ಆಂಪಿಯರ್ ಮಿತಿ ಮೀರಿದರೆ ಕ್ಯಾರಿಯರ್ ನಿಂತೇಬಿಡುತ್ತದೆ, ಮೋಟರ್ ಟ್ರಿಪ್ ಆಗುವುದು ತಪ್ಪುತ್ತದೆ. ಎರಡನೆಯ ಮಿಲ್ಲಿನಿಂದಾಚೆಗೆ ಸಾಮಾನ್ಯವಾಗಿ ಬೇರೆ ಕ್ರಮ: ಹಿಂದಿನಿಂದ ಬಂದಷ್ಟನ್ನು ಅರೆಯಲೇಬೇಕಾದ್ದರಿಂದ ಆಯಾ ಚೂಟ್‌ನ ಮಟ್ಟಕ್ಕೆ ತಕ್ಕಂತೆ ಮಿಲ್ಲೇ ತನ್ನ ವೇಗ ಹೊಂದಿಸಿಕೊಳ್ಳುತ್ತದೆ.

ಟ್ಯೂನಿಂಗ್ ವಿಚಾರದಲ್ಲಿ ನನ್ನ ಒಂದೇ ಒತ್ತಾಯ: ಚೂಟ್ ಮಟ್ಟ ಗೆರೆ ಎಳೆದಂತೆ ನೆಟ್ಟಗಿರಲಿ ಎಂದು ಹಟ ಹಿಡಿಯಬೇಡಿ. ಚೂಟ್ ಇರುವುದೇ ಸಣ್ಣಪುಟ್ಟ ಏರುಪೇರನ್ನು ತಾನು ನುಂಗಿ ಮಿಲ್ಲನ್ನು ಕಾಯಲು. ಅರ್ಧಕ್ಕಿಂತ ಮೇಲೆ, ಬಾಯಿಗಿಂತ ಕೆಳಗೆ ಅದು ಆಡಿಕೊಂಡಿರಲಿ. ನೆಟ್ಟಗಿರಬೇಕಾದದ್ದು ಮಿಲ್ ಮೋಟರಿನ ಆಂಪಿಯರ್ ಗೆರೆ.

ಕೆಲಸಕ್ಕೆ ಸೇರಿದ ಮೊದಲ ವಾರ ಒಂದು ಇಡೀ ಪಾಳಿ ಟ್ರೆಂಡ್ ಪರದೆಯ ಮುಂದೆ ಕುಳಿತು ಚೂಟ್ ಮಟ್ಟ, ಕ್ಯಾರಿಯರ್ ವೇಗ, ಮಿಲ್ ಆಂಪಿಯರ್ ಮೂರನ್ನೂ ಒಟ್ಟಿಗೆ ನೋಡಿ. ಮಟ್ಟದ ಗೆರೆ ಅಲುಗಾಡದೆ ಒಂದೇ ಕಡೆ ನಿಂತಿದ್ದರೆ ಸಂತೋಷಪಡುವ ಮೊದಲು ಎಲೆಕ್ಟ್ರೋಡಿಗೆ ರಸ, ನಾರು ಮೆತ್ತಿಕೊಂಡಿದೆಯೇ ಎಂದು ಅನುಮಾನಿಸಿ. ಹಾಗೆ ಮೆತ್ತಿಕೊಂಡ ಎಲೆಕ್ಟ್ರೋಡು ಖಾಲಿ ಚೂಟನ್ನೂ ತುಂಬಿದೆ ಎಂದು ತೋರಿಸುತ್ತದೆ. ಶುಚಿ ಮಾಡಲು ಹೋಗುವಾಗ ಪರದೆಯಲ್ಲಿ ಸ್ಟಾಪ್ ಒತ್ತಿದರೆ ಸಾಲದು, ಏಕೆಂದರೆ ಆಟೋ ಮೋಡ್‌ನಲ್ಲಿರುವ ಕ್ಯಾರಿಯರ್ ಯಾವ ಸಿಗ್ನಲ್ ಬಂದರೂ ತಾನಾಗಿ ಹೊರಡಬಹುದು. ಮಿಲ್ಲು, ಕ್ಯಾರಿಯರ್ ಎರಡರ ವಿದ್ಯುತ್ತನ್ನೂ ಕಡಿದು, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಿಸಿಕೊಂಡು ಚೂಟ್‌ನ ಬಾಗಿಲು ತೆರೆಯಿರಿ.